ಗಾಳ ಕೊಟ್ಟವನ ಪಾಲು

ಹೇಸ್, ಲಂಡನ್
6 ಏಪ್ರಿಲ್ 1997

ತಂಗಿ ಚಂದ್ರವ್ವಳಿಗೆ ಅಣ್ಣ ಜಗದೇವಪ್ಪನ ಆಶೀರ್ವಾದ.

ನಾನು ಸತ್ತಿಲ್ಲ. ಚಳಿಗಾಲ ಪೂರ್ತಿ ಕಾಗದ ಹಾಕಲಿಲ್ಲವೆಂದು ನೀನು ಜಮಖಂಡಿಯಲ್ಲಿ ಕೂತು ನನ್ನ ಏಳು ಜನ್ಮ ಜಾಲಾಡಿರುತ್ತೀ, ಗೊತ್ತು. ಬರೆಯಲು ಏನಿತ್ತು ಹೇಳು? ಬೆಳಗಾದರೆ ಮಗಳು ಇಂದು ಆಸ್ಪತ್ರೆಗೆ ನರ್ಸ್ ಡ್ಯೂಟಿಗೆ ಹೋಗುತ್ತಾಳೆ. ಅಳಿಯಂದಿರು ಏರ್‌ಪೋರ್ಟಿನ ಹತ್ತಿರ ಗೋದಾಮಿನ ಆಫೀಸಿಗೆ ಹೋಗುತ್ತಾರೆ. ನಾನು ಕಿಟಕಿಯಲ್ಲಿ ಕೂತು ಇಳಿಯುವ ವಿಮಾನ ನೋಡುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸೀಟಿ ಊದಿ ಹುಡುಗರನ್ನು ಬಿಸಿಲಲ್ಲಿ ಓಡಿಸಿದ ಪಿ.ಟಿ. ಮಾಸ್ತರನ ಗತಿ ಇಲ್ಲಿಗೆ ಬಂತು.

ಊಟದ್ದೇ ದೊಡ್ಡ ಸಂಕಟ. ಅಳಿಯ ಗೋಪೀನಾಥ ಧಾರವಾಡದ ಶಾಕಾಹಾರಿ ಮನೆತನದವರು. ಒಳ್ಳೆಯ ಮನುಷ್ಯ, ಇವತ್ತಿನವರೆಗೆ ಒಂದು ಮಾತು ಆಡಿದವರಲ್ಲ. ಆದರೂ ಅವರ ಅಡುಗೆಮನೆಯಲ್ಲಿ ತತ್ತಿ ಒಡೆಯಲು ನನಗೆ ಕೈ ಬರುವುದಿಲ್ಲ. ಹೊರಗೆ ಅಂಗಡಿಯ ಕೋಳಿ ತಿಂದರೆ ಒದ್ದೆ ಅರಿವೆ ಅಗಿದಂತೆ ಇರುತ್ತದೆ. ಅಡವಿಯಲ್ಲಿ ಓಡಾಡಿ ಬೆಳೆದ ಜೀವದ ರುಚಿ ಅದಕ್ಕೆಲ್ಲಿಂದ ಬರಬೇಕು? ನಾನು ಗೌಜಲ ಹಕ್ಕಿ ಹೊಡೆದು ತಂದು ನಿನ್ನ ಒಲೆಯ ಮುಂದೆ ಹಾಕುತ್ತಿದ್ದ ದಿನಗಳನ್ನು ನೆನೆದು ಸಪ್ಪಗೆ ಕೂತಿರುತ್ತಿದ್ದೆ.

ಈಗ ಒಂದು ಸಂತೋಷದ ಸುದ್ದಿ. ನನಗೊಬ್ಬ ಗೆಳೆಯ ಸಿಕ್ಕಿದ್ದಾನೆ. ಹೆಸರು ಲೆನ್. ಬಸ್ ಡ್ರೈವರ್ ಆಗಿ ನಿವೃತ್ತನಾದವನು, ನನ್ನ ವಾರಿಗೆಯವನು, ನನ್ನ ಹಾಗೇ ಹೆಂಡತಿ ಇಲ್ಲದವನು. ಇಲ್ಲಿಯ ಕೆನಾಲಿನ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಎರಡು ತಾಸು ಇಬ್ಬರೂ ಮಾತಾಡಲಿಲ್ಲ. ಎದ್ದು ಹೋಗುವಾಗ “ನಾಳೆ?” ಅಂದ. “ನಾಳೆ” ಅಂದೆ. ಹೀಗೆ ಶುರುವಾಯಿತು.

ಚಳಿಗಾಲದಲ್ಲಿ ಅವನ ತಮ್ಮನ ಮಗ ಊರಕಡೆ ಬೇಟೆಯಾಡಿ ಕಳಿಸಿದ ಫೆಸೆಂಟ್ ಹಕ್ಕಿ ಬೇಯಿಸಿ ನನ್ನನ್ನು ಮನೆಗೆ ಕರೆದ. ನಮ್ಮ ಕಾಡುಕೋಳಿಯ ಜಾತಿ. ಖಾರವಿಲ್ಲ, ಮಸಾಲೆಯಿಲ್ಲ, ಆದರೂ ಮಾಂಸದಲ್ಲಿ ಅಡವಿಯ ವಾಸನೆ ಇತ್ತು. ಕಚ್ಚಿದರೆ ಹಲ್ಲಿನ ಸೆಟ್ಟಿಗೆ ಕಟ್ ಅಂತ ಬಂದೂಕಿನ ಛರ್ರೆ ಗುಂಡು ಸಿಕ್ಕಿತು. ನನ್ನ ಪ್ರಾಯವೇ ಬಾಯಿಗೆ ಸಿಕ್ಕಂತಾಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಒಮ್ಮೆ ಮೊಲ ಮಾಡಿದ್ದ. ಇಬ್ಬರು ಮುದುಕರು ಎಲುಬು ಚೀಪಿ ಚೀಪಿ ಬಿಳಿ ಮಾಡಿಟ್ಟೆವು.

ಅವನ ಮನೆಯ ಗೋಡೆ ತುಂಬ ಫೋಟೋ. ಒಂದೊಂದರಲ್ಲೂ ಕೂಸಿನಂಥ ಮೀನು ಎತ್ತಿಕೊಂಡು ನಿಂತಿದ್ದಾನೆ. “ಇಷ್ಟೂ ನೀನೇ ಹಿಡಿದದ್ದಾ?” ಅಂದೆ. ಹೌದು ಎಂದು ನಕ್ಕ. ಪುಣ್ಯವಂತ, ಎಷ್ಟು ತಿಂದಿದ್ದಾನೋ.

ಅವನ ಕ್ಲಬ್ಬಿನವರದೊಂದು ಕೆರೆ ಇದೆಯಂತೆ. ಜೂನ್ ನಡುವಿನವರೆಗೆ ಅಲ್ಲಿ ಗಾಳ ಹಾಕುವಂತಿಲ್ಲ, ಮೀನು ಮರಿ ಮಾಡುವ ಕಾಲ. ಶಿಸ್ತು ಅಂದರೆ ಇದು! ಅದು ಮುಗಿದ ಮೇಲೆ ಕರೆದುಕೊಂಡು ಹೋಗುತ್ತಾನೆ. ತನ್ನದೇ ಒಂದು ಹಳೆಯ ಗಾಳದ ಕೋಲು ಕೊಟ್ಟಿದ್ದಾನೆ. ದೊಡ್ಡ ಮೀನು ಸಿಕ್ಕರೆ ಸಾರು ಹೇಗೆ ಮಾಡಬೇಕು, ಬಿಡಿಸಿ ಬರೆ. ತಿನ್ನುವುದಷ್ಟೇ ಗೊತ್ತು ನನಗೆ.

ಅಣ್ಣ, ಜಗದೇವಪ್ಪ

*

ಜಮಖಂಡಿ
2 ಮೇ 1997

ಅಣ್ಣಾಗ ಚಂದ್ರವ್ವ ಮಾಡೂ ನಮಸ್ಕಾರ.

ನಾಕನೇತ್ತಿ ಕಲತಾಕಿ ನಾ. ಮಾತಾಡಿದಂಗ ಬರೀತೀನಿ, ಮಾಸ್ತರಕಿ ಮಾಡಿ ಕೆಂಪ ಶಾಯಿಲೆ ತಿದ್ದಬ್ಯಾಡ.

ನಿನ್ನ ಕಾಗದ ಓದಿ ಹೊಟ್ಟಿ ತಣ್ಣಗಾತು. ನೀ ಹೋದಾಗಿಂದ ಒಂದs ಚಿಂತಿ ಇತ್ತು, ಆ ಗಾಜಿನ ಮನ್ಯಾಗ ಈ ಅಡವಿ ಪ್ರಾಣಿ ಹೆಂಗ ಇದ್ದೀತು ಅಂತ. ಜ್ವಾಡಿ ಸಿಕ್ಕಿತಲ್ಲ, ಸಾಕು.

ಮೀನ ದೊಡ್ಡದಿದ್ರ ಮೊದಲ ಉಪ್ಪು ಅರಿಷಿಣ ಹಚ್ಚಿ ತಿಕ್ಕು. ಹುಣಸಿ ನೀರಾಗ ಎರಡ ಸಲ ತೊಳಿ, ಕೆಸರಿನ ವಾಸನಿ ಹೋಕ್ಕತಿ. ಉಳ್ಳಾಗಡ್ಡಿ, ಒಣಕೊಬ್ರಿ ಕೆಂಪಗ ಹುರದ ಅರಿ, ಬಳ್ಳೊಳ್ಳಿ ಕೈ ಬಿಚ್ಚಿ ಹಾಕು. ಸಾರು ಕುದ್ದ ಮ್ಯಾಲೆ ಮೀನ ಬಿಡು. ಬಿಟ್ಟ ಮ್ಯಾಲೆ ಸೌಟ ಮುಟ್ಟಬ್ಯಾಡ. ಗಂಡಸರು ಅಲ್ಲೇ ಕೆಡಸತೀರಿ.

ಇನ್ನೊಂದ ಮಾತು. ಗಾಳ ಅವಂದು ಅಂದಮ್ಯಾಲೆ ತಲಿ ಅವನ ಪಾಲು. ಅಪ್ಪನ ಕಾಲದಿಂದ ನಡದ ಬಂದದ್ದು. ಗಾಳ ಕೊಟ್ಟಾವಗ ತಲಿ ಕೊಡದs ತಿಂದ್ರ ಕೈಗುಣ ಹೋಕ್ಕತಿ ಅಂತಿದ್ದ ಅಪ್ಪ. ಊರ ಬ್ಯಾರೆ ಆದ್ರ ರೀತಿ ಬ್ಯಾರೆ ಆಗತೈತೇನು? ಬಿಳಿ ಮನಷ್ಯಾ ಅಂತ ನಾಚಬ್ಯಾಡ. ನೀನs ಕೈಯಾರೆ ಒಯ್ದ ಕೊಡು.

ನಿನ್ನ ತಂಗಿ, ಚಂದ್ರವ್ವ

*

ಹೇಸ್
29 ಜೂನ್ 1997

ಚಂದ್ರವ್ವಾ, ಹಿಡಿದೆ!

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಲೆನ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಾನೆ. “ನನ್ನ ಜಾಗದಲ್ಲಿ ನೀನು ಹೋಗಿ ಕೂತಿರು” ಎಂದು ಅವನೇ ಕಳಿಸಿದ. ನಸುಕಿನಲ್ಲಿ ಹೋದೆ. ಜಿಟಿಜಿಟಿ ಮಳೆ. ಆಚೆ ದಂಡೆಯಲ್ಲಿ ಒಬ್ಬ ಗುಡಾರದೊಳಗೆ ಗೊರಕೆ ಹೊಡೆಯುತ್ತಿದ್ದ, ಇನ್ನೊಂದು ನರಪಿಳ್ಳೆ ಇರಲಿಲ್ಲ.

ಕಾರ್ಪ್ ಅನ್ನುತ್ತಾರೆ ಇದಕ್ಕೆ, ನಮ್ಮ ಕಾಟ್ಲಾ ಮೀನಿನ ದಾಯಾದಿ. ಇಲ್ಲಿ ಅಂಗಡಿಯಲ್ಲಿ ಮಾರುವ ದೊಡ್ಡ ಅಕ್ಕಿ ಚೀಲಕ್ಕಿಂತ ಭಾರ. ಒಮ್ಮೆ ಎಳೆಯಿತು ನೋಡು, ಈ ವಯಸ್ಸಿನಲ್ಲಿ ನನ್ನನ್ನು ನೀರಿಗೆ ಕೆಡವುತ್ತದೆ ಅಂದುಕೊಂಡೆ. ಆಮೇಲೆ ಆಶ್ಚರ್ಯ, ಹಾಲು ಕರೆಯಲು ಬಂದ ಎಮ್ಮೆಯ ಹಾಗೆ ಸುಮ್ಮನೆ ದಂಡೆಗೆ ಬಂತು. ಎತ್ತಿಕೊಂಡರೆ ಒದ್ದಾಡಲೂ ಇಲ್ಲ. ಎಡಗಡೆ ತುಟಿ ಹರಿದು ಮಡಚಿತ್ತು, ಸುತ್ತ ಹಳೆಯ ಗಾಳದ ಗಾಯಗಳು. ಎಷ್ಟು ಜನರ ಕೈಯಿಂದ ತಪ್ಪಿಸಿಕೊಂಡು ಬಂದಿತ್ತೋ, ಕೊನೆಗೆ ಈ ಜಗದೇವಪ್ಪನ ಕೈಗೆ ಸಿಗಬೇಕೆಂದು ಬರೆದಿತ್ತು.

ಕೆನಾಲಿನ ಮೇಲೆ ಇವರು ಹಿಡಿದ ಮೀನನ್ನು ತಿರುಗಿ ನೀರಿಗೆ ಬಿಡುವುದನ್ನು ನೋಡಿದ್ದೇನೆ. ಎಲ್ಲ ಬೊಗಸೆಯಷ್ಟರವು. ಸಣ್ಣದನ್ನು ಬಿಟ್ಟು ದೊಡ್ಡದನ್ನು ತಿನ್ನುವುದು ನ್ಯಾಯವೇ. ಅಪ್ಪನೂ ಬಸಿರು ಮೀನು ಬಿಡುತ್ತಿದ್ದನಲ್ಲ.

ರೇನ್‌ಕೋಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಹೋಗಲಿ ಬಿಡು. ಅಳಿಯಂದಿರು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಹಿತ್ತಲಲ್ಲಿ ಸ್ಟೋವ್ ಇಟ್ಟು ನೀನು ಹೇಳಿದ ಹಾಗೇ ಮಾಡಿದೆ, ಸೌಟು ಮುಟ್ಟಲಿಲ್ಲ. ಮಗಳು ಮೊದಲು “ಬ್ಯಾಡ ಅಪ್ಪಾ, ವಾಸನಿ ಮನಿತುಂಬ ಆಗತೈತಿ” ಅಂದಳು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಎರಡು ಬಟ್ಟಲು ಉಂಡು ಬೆರಳು ನೆಕ್ಕಿದಳು. ನನ್ನದಂತೂ ಹೇಳಬೇಡ. ಇಷ್ಟು ತುಪ್ಪದಂಥ ಮೀನು ಕೃಷ್ಣೆಯಲ್ಲೂ ತಿಂದಿಲ್ಲ, ನದಿತಾಯಿ ಕ್ಷಮಿಸಲಿ.

ತಲೆ ಡಬ್ಬಿಗೆ ಹಾಕಿ ಬಿಸಿ ಆರದಂತೆ ಟವೆಲ್ ಸುತ್ತಿದ್ದೇನೆ. ಈಗ ಲೆನ್ ಮನೆಗೆ ಹೊರಟೆ. ದಾರಿಯಲ್ಲಿ ಇದನ್ನು ಪೋಸ್ಟಿಗೆ ಹಾಕುತ್ತೇನೆ.

ಅಣ್ಣ

*

ಜಮಖಂಡಿ
24 ಜುಲೈ 1997

ಅಣ್ಣಾ,

ನಿನ್ನ ಕಾಗದ ಓಣಿ ತುಂಬ ಓದಿಸಿದೆ. ಪ್ಯಾಟ್ಯಾಗ ನಿನ್ನ ಶಿಷ್ಯಾರು ಸಿಕ್ಕರ ಸಾಕು, “ಅಕ್ಕಾ, ನಮ್ಮ ಮಾಸ್ತರು ಲಂಡನ್ನಾಗ ಮೀನ ಹಿಡದಾರಂತಲ್ಲ” ಅಂತ ನಿಲ್ಲಸತಾರ. ನಾನೂ ಸ್ವಲ್ಪ ಉಪ್ಪು ಖಾರ ಹಚ್ಚೇನಿ ಅನ್ನು. ರಾಣಿ ಕೆರ್‍ಯಾಗಿನ ಮೀನ ಅಂತ ಹೇಳೇನಿ.

ನಿನ್ನ ಸಾಹೇಬ ಏನಂದ? ತಲಿ ಹೆಂಗ ತಿಂದ? ಕಣ್ಣು ಚೀಪಿದ್ನೋ ಇಲ್ಲೋ? ಲಗೂನ ಬರಿ. ಎಲ್ಲಾರೂ ಕೇಳಾಕತ್ತಾರ.

ಚಂದ್ರವ್ವ

*

ಹೇಸ್
12 ಅಕ್ಟೋಬರ್ 1997

ತಂಗಿ ಚಂದ್ರವ್ವಳಿಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಉತ್ತರಿಸಲು ತಡವಾಯಿತು. ನಾನು ಕ್ಷೇಮ. ಮೊಣಕಾಲು ನೋವಿದೆ, ಇಲ್ಲಿಯ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ಚಳಿ ಶುರುವಾಗಿದೆ.

ತಲೆ ಕೊಟ್ಟೆ. ಲೆನ್ ಇಷ್ಟಪಟ್ಟ. ಈಗ ನಾನು ಗಾಳ ಹಾಕಲು ಹೋಗುತ್ತಿಲ್ಲ, ವಯಸ್ಸಾಯಿತು. ಆ ಮೀನಿನ ವಿಷಯ ಊರಲ್ಲಿ ಇನ್ನು ಹೇಳುತ್ತ ತಿರುಗಬೇಡ, ಏನು ದೊಡ್ಡ ಸಾಧನೆಯಲ್ಲ.

ಇಂದು, ಅಳಿಯಂದಿರು ಇಬ್ಬರೂ ಆರಾಮ.

ಜಗದೇವಪ್ಪ

*

ಜಮಖಂಡಿ
9 ನವೆಂಬರ್ 1997

ಅಣ್ಣಾ,

ಇದೇನ ಕಾಗದೋ, ಸಾಲಿ ನೋಟಿಸೋ? ನಿನ್ನ ದನಿನೇ ಇಲ್ಲ ಅದರಾಗ.

ನನಗ ತಿಳೀತು. ಅಳ್ಯಾರು ಏನರ ಅಂದಾರ. ಹಿತ್ತಲದಾಗ ಮೀನ ಬೇಯಿಸಿದ್ದು ಗೊತ್ತಾಗಿ ನಿನ್ನ ಮಾನ ತಗದಾರ, ಹೌದಲ್ಲೋ? ಬಾಯಿ ಮುಚಗೊಂಡ ಕೂತೀ ನೀ. ಮಗಳ ಮನಿ ಅಂತ ತಡಕೊಂಡೀಯೇನು? ಹಂಗಿನ ಅನ್ನ ಬ್ಯಾಡ, ಬಂದ ಬಿಡು. ನನ್ನ ಒಲಿ ಇನ್ನೂ ಆರಿಲ್ಲ.

ಬ್ಯಾಂಕ್ ಮ್ಯಾನೇಜರ್ ಹೆಂಡ್ತಿ ವಿಶಾಲಾಕ್ಷಿ ಲಂಡನ್ನಿನ ಸಟನ್‌ದಾಗಿರೂ ಮಗನ ಮನಿಗೆ ಹೊಂಟಾಳ. ಅಕಿ ಕೈಯಾಗ ನಿನ್ನ ಸಾಹೇಬಗ ಒಂದ ಕೆಂಪ ರುಮಾಲ ಕಳಸೇನಿ, ಆಹೇರಿ, ಮಾನದ ಉಡುಗೊರಿ. ಪರದೇಶದಾಗ ನಮ್ಮ ಅಣ್ಣನ್ನ ಕೈ ಹಿಡದಾವ ಅವ. ನೀನs ಅವನ ತಲಿಗೆ ಸುತ್ತಿ, ಒಂದ ಫೋಟೋ ಹೊಡಿಸಿ ಕಳಸು. ಒಲ್ಲೆ ಅನಬ್ಯಾಡ.

ಚಂದ್ರವ್ವ

*

ಹೇಸ್
18 ಜನವರಿ 1998

ಚಂದ್ರವ್ವಾ,

ರುಮಾಲು ಬಂತು. ಮೂರು ವಾರದಿಂದ ನನ್ನ ಕುರ್ಚಿಯ ಮೇಲೆ ಬಿದ್ದಿದೆ. ನಿನ್ನೆ ಮಗಳು ಅದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, “ಒಂದೋ ಅವರಿಗೆ ಒಯ್ದ ಕೊಡು, ಇಲ್ಲಾ ಚಂದ್ರವ್ವತ್ತಿಗೆ ಖರೇ ಬರಿ. ಪಾಪ, ಗೋಪೀನಾಥನ್ನ ಬೈಯಾಕತ್ತಾಳ ಅಕಿ” ಅಂದಳು. ಅಳಿಯಂದಿರ ತಪ್ಪು ಸಾಸಿವೆಯಷ್ಟೂ ಇಲ್ಲ. ಮೀನಿನ ವಿಷಯ ತಿಳಿದಾಗ ಅವರು ಅಂದದ್ದು “ಮಾವನವರೇ, ಹಿತ್ತಲಲ್ಲಿ ಗಾಳಿ, ಒಳಗೇ ಮಾಡಬಾರದಿತ್ತೇ” ಎಂದು ಮಾತ್ರ. ನಾನು ನಿನಗೆ ಸುಳ್ಳು ಬರೆದೆ.

ಅವತ್ತು ಸಂಜೆ ಲೆನ್ ಬಾಗಿಲು ತೆಗೆದ. ಒಂದು ಕಣ್ಣಿಗೆ ಪಟ್ಟಿ ಇತ್ತು. ನನ್ನನ್ನು ಕಂಡು ನಕ್ಕ. ನಾನು ಎರಡೂ ಕೈಯಲ್ಲಿ ಡಬ್ಬಿ ಹಿಡಿದು, “ಕೋಲು ನಿನ್ನದು, ತಲೆ ನಿನ್ನದು, ನಮ್ಮ ಊರ ರೀತಿ” ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಇಂಗ್ಲಿಷ್ ಹೇಳಿದೆ. ಮುಚ್ಚಳ ತೆಗೆದ. ಬಗ್ಗಿ ಒಳ್ಳೆಯ ಕಣ್ಣನ್ನು ಹತ್ತಿರ ತಂದ. ಆ ಹರಿದ ತುಟಿಯನ್ನು ಬೆರಳಿನಿಂದ ಮುಟ್ಟಿದ. “ಬೆಟ್ಟಿ” ಅಂದ.

ನನಗೆ ತಿಳಿಯಲಿಲ್ಲ. ನಗುತ್ತಲೇ ನಿಂತಿದ್ದೆ ನಾನು, ಚಂದ್ರವ್ವಾ. ಹಲ್ಲು ಕಿಸಿದುಕೊಂಡು.

“ಉಳಿದದ್ದು ಎಲ್ಲಿ?” ಅಂದ. “ತಿಂದೆವು” ಅಂದೆ. ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಹಿಡಿದುಕೊಂಡೇ ಒಳಗೆ ಹೋದ. ಬಾಗಿಲು ಮೆಲ್ಲಗೆ ಹಾಕಿಕೊಂಡ. ಧಡ್ ಎಂದು ಹಾಕಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದು ಹೇಳಿದರೆ ಇಂದು ನಕ್ಕಳು. ಮಾರನೇ ದಿನ ವಾರ್ಡಿನಲ್ಲಿ ಯಾರನ್ನೋ ಕೇಳಿಕೊಂಡು ಬಂದಳು, ಮುಖ ಸಣ್ಣಗಾಗಿತ್ತು. “ಅಪ್ಪಾ, ಇಲ್ಲಿ ಆ ಮೀನ ಯಾರೂ ತಿನ್ನೂದಿಲ್ಲಂತ. ದೊಡ್ಡದಿರ್ಲಿ ಸಣ್ಣದಿರ್ಲಿ, ಹಿಡದು, ಫೋಟೋ ತಗದು, ವಾಪಸ್ ಬಿಡತಾರಂತ. ಬೆಟ್ಟಿ ಅಂದ್ರ ಅದರ ಹೆಸರು. ಯಾರದರ ಮನಿ ನಾಯಿ ಕೊಯ್ದ ತಿಂದಂಗ ಆತಪ್ಪಾ ಇದು” ಅಂದಳು.

ಆಗ ಆ ಗೋಡೆ ನೆನಪಾಯಿತು. ಅಲ್ಲಿದ್ದದ್ದು ಹತ್ತಾರು ಮೀನಲ್ಲ, ಒಂದೇ ಮೀನು. ಲೆನ್‌ನ ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೂ ಅವನು ಅದನ್ನೇ ಹಿಡಿದು, ಅದನ್ನೇ ಬಿಟ್ಟಿದ್ದ. ಅದು ಒದ್ದಾಡದೆ ನನ್ನ ಕೈಗೆ ಬಂದದ್ದು ಯಾಕೆಂದು ತಿಳಿಯಿತು. ಮನುಷ್ಯನ ಕೈ ಅಂದರೆ ತಿರುಗಿ ನೀರಿಗೆ ಬಿಡುವ ಕೈ ಎಂದು ನಂಬಿತ್ತು ಅದು.

ನಾನು ಅವನ ಮನೆಗೆ ಎಷ್ಟು ಸಲ ಹೋದರೂ ಬಾಗಿಲು ತೆಗೆಯುವುದಿಲ್ಲ. ಒಳಗೆ ರೇಡಿಯೋ ಕೇಳಿಸುತ್ತದೆ. ಕೆನಾಲಿನ ಮೇಲೆ ಗಾಳ ಹಾಕುವವರು ಏನು ಹೇಳಿದರು ಗೊತ್ತೇ? ಬೆಟ್ಟಿ ಮುಪ್ಪಿನಿಂದ ಸತ್ತು ತೇಲುತ್ತಿದ್ದಳು, ತಾನೇ ಕೆರೆಯ ದಂಡೆಯ ಮರದ ಕೆಳಗೆ ಹೂಳಿದೆ ಎಂದು ಲೆನ್ ಕ್ಲಬ್ಬಿಗೆ ಹೇಳಿದ್ದಾನೆ. ಅಲ್ಲೊಂದು ಹಲಗೆ ನೆಟ್ಟಿದ್ದಾರಂತೆ. ನನಗಾಗಿ ಸುಳ್ಳು ಹೇಳಿದ. “ಕೇಳಿದೆಯಾ, ಪಾಪ ಬೆಟ್ಟಿ” ಎಂದು ಅವರು ನನಗೇ ಹೇಳುತ್ತಾರೆ. ನಾನೂ ತಲೆ ಅಲ್ಲಾಡಿಸಿ “ಪಾಪ” ಅನ್ನುತ್ತೇನೆ. ಕದ್ದು ತಿಂದ ಬೆಕ್ಕು ಸೂತಕಕ್ಕೆ ಕೂತಂತಾಗಿದೆ ನನ್ನ ಬಾಳು.

ಇನ್ನೊಂದಿದೆ. ಅದನ್ನು ಇಂದೂಗೂ ಹೇಳಿಲ್ಲ. ಇಷ್ಟಾದರೂ ಆ ಸಾರು ನೆನೆದರೆ ಬಾಯಲ್ಲಿ ನೀರು ಬರುತ್ತದೆ. ಈ ಸಾಲು ಬರೆಯುವಾಗಲೂ ಬಂತು. ಥೂ, ಈ ನಾಲಿಗೆಗೆ ಬೆಂಕಿ ಹಾಕ.

ಜಗದೇವಪ್ಪ

*

ಜಮಖಂಡಿ
12 ಫೆಬ್ರವರಿ 1998

ಅಣ್ಣಾ,

ಎರಡ ದಿನಾ ನನಗ ಕೂಳು ಸೇರಲಿಲ್ಲ. ತಲಿ ಒಯ್ದ ಕೊಡು ಅಂತ ಬರದಾಕಿ ನಾನs ಅಲ್ಲಾ? ಕೂಸು ಕೊಂದು ತಾಯಿ ಕೈಯಾಗ ಅದರ ತಲಿ ಇಟ್ಟಂಗ ಆತು. ಶಿವನs, ನಮಗೇನ ಕನಸು ಬಿದ್ದಿತ್ತೇನು ಮೀನಿಗೆ ಹೆಸರ ಇಡತಾರ ಅಂತ!

ಅಳ್ಯಾರಿಗೆ ನಾ ಅಂದ ಮಾತು ಇಂದೂಗ ಹೇಳಿ ತಪ್ಪಾತು ಅನಸು. ಓಣ್ಯಾಗ ಯಾರ್‍ಯಾರ ಮುಂದ ಬಡಾಯಿ ಕೊಚ್ಚಿದ್ದೆನೋ ಅವರ ಮನಿಗೆಲ್ಲಾ ಹೋಗಿ ಇದ್ದದ್ದು ಇದ್ದಂಗ ಹೇಳಿ ಬಂದೆ. ಕೆಲವರು ನಕ್ಕರು. ನಗಲಿ. ತಲಿ ತಗ್ಗಸಿ ಬರೂದು ನನಗೂ ಇರ್ಲಿ ಸ್ವಲ್ಪ.

ನಾಲಿಗಿಗೆ ಬೈಬ್ಯಾಡ. ಅದು ರುಚಿ ಹೇಳಾಕ ಐತಿ, ಹೇಳೇತಿ. ಆದ್ರ ಅದs ನಾಲಿಗಿಲೆ “ಪಾಪ” ಅಂತೀಯಲ್ಲ, ಅದು ಪಾಪ. ಉಪ್ಪು ತಿಂದಾವ ನೀರ ಕುಡೀಬೇಕು. ತಿಂದಾವ ನೀ, ನೀರ ಕುಡ್ಯಾಕತ್ತಾವ ಅವ. ಎಲ್ಲಾರ ಮುಂದ ಹೋಗಿ ನಿಂದರು, ನಾ ತಿಂದೆ ಅನ್ನು. ಸಾವಿರ ಹುಡುಗೂರ್‍ನ ಸಾಲಾಗಿ ನಿಲ್ಲಿಸಿ “ತಪ್ಪು ಮಾಡಿದಾವ ಮುಂದ ಬಾ” ಅಂತಿದ್ದಿ. ಈಗ ನಿನ್ನ ಪಾಳಿ.

ಚಂದ್ರವ್ವ

*

ಹೇಸ್
22 ಮಾರ್ಚ್ 1998

ಚಂದ್ರವ್ವಾ,

ಹೋಗಿ ನಿಂತೆ.

ಕ್ಲಬ್ಬಿನ ವಾರ್ಷಿಕ ಸಭೆ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿತ್ತು. ಕೆನಾಲಿನವನೊಬ್ಬನನ್ನು ಕೇಳಿ ಹೋದೆ. ಲೆನ್ ಮುಂದಿನ ಸಾಲಿನಲ್ಲಿದ್ದ. ನನ್ನನ್ನು ನೋಡಿ ಅವನ ಮುಖ ಬಿಳಿಚಿತು. ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸಿದ. ನಾನು ಅದನ್ನು ಬೇರೆ ತಿಳಿದೆ. ನನ್ನ ಮುಖ ನೋಡಲು ಬೇಸರವೆಂದು ತಿಳಿದೆ.

ಅಧ್ಯಕ್ಷ “ಬೇರೆ ವಿಷಯ ಏನಾದರೂ ಇದೆಯೇ” ಅಂದ. ಎದ್ದೆ. ಮೈದಾನದಲ್ಲಿ ಗುಡುಗುತ್ತಿದ್ದ ದನಿ ಎಲ್ಲಿ ಹೋಯಿತೋ. “ಬೆಟ್ಟಿ ಸಾಯಲಿಲ್ಲ. ನಾನು ಹಿಡಿದೆ. ನಾನು ತಿಂದೆ. ನಿಮ್ಮ ರೀತಿ ಗೊತ್ತಿರಲಿಲ್ಲ. ತಪ್ಪು ನನ್ನದು, ಲೆನ್‌ದಲ್ಲ” ಅಂದೆ.

ಅವರು ಬೈದಿದ್ದರೆ, ಹೊಡೆದಿದ್ದರೆ ಕೂಡ ಸಮಾಧಾನವಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಲೆನ್ ಕಡೆ ತಿರುಗಿದರು. ನನಗೆ ಅವರು ಏನು ಮಾಡಲು ಸಾಧ್ಯ? ನಾನು ಕ್ಲಬ್ಬಿನವನೇ ಅಲ್ಲ. ಅತಿಥಿಯನ್ನು ಒಬ್ಬನೇ ಕೆರೆಗೆ ಕಳಿಸಿದ್ದಕ್ಕೆ, ಕ್ಲಬ್ಬಿಗೆ ಸುಳ್ಳು ಹೇಳಿದ್ದಕ್ಕೆ ಒಂದು ವರ್ಷ ಅವನು ಕೆರೆಯ ಹತ್ತಿರ ಬರಕೂಡದೆಂದು ಕೈ ಎತ್ತಿ ತೀರ್ಮಾನಿಸಿದರು. ನಾನು ಬಾಯಿ ತೆರೆದದ್ದರ ಫಲ ಅದು. ಅವನು ಮುಚ್ಚಿಟ್ಟದ್ದು ನನ್ನೊಬ್ಬನನ್ನೇ ಅಲ್ಲ, ತನ್ನನ್ನೂ ಎಂದು ನನ್ನ ಮಣ್ಣುತಲೆಗೆ ಹೊಳೆದಿರಲಿಲ್ಲ. ನಿನಗೂ ಹೊಳೆದಿರಲಿಲ್ಲ ಬಿಡು, ನಿನ್ನನ್ನು ದೂರುತ್ತಿಲ್ಲ.

ಹೊರಗೆ ಗಾಡಿಗಳು ನಿಲ್ಲುವ ಜಾಗದಲ್ಲಿ ಅವನಿಗಾಗಿ ಕಾದೆ. ಓಡಿಹೋಗಬೇಕೆನಿಸಿತು, ಆದರೆ ನಿಂತೆ. ಬಂದ. ಕೀಲಿಕೈ ಹುಡುಕುತ್ತ, ನನ್ನ ಕಡೆ ನೋಡದೆ, “ಸುಮ್ಮನಿರಬಾರದಿತ್ತೇ ಜಗ್? ಆ ಕೆರೆ ಬಿಟ್ಟರೆ ನನಗೇನಿದೆ?” ಅಂದ. ನಾನು ಕೈ ಮುಗಿದೆ. ಇಲ್ಲಿ ಯಾರೂ ಹಾಗೆ ಕೈ ಮುಗಿಯುವುದಿಲ್ಲ, ಆದರೂ ಮುಗಿದೆ.

ಅವನು ಗಾಡಿಯ ಮೇಲೆ ಕೈಯಿಟ್ಟು, ಮೆಲ್ಲನೆ, ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ ಕೇಳಿದ:

“ಹೇಗಿದ್ದಳು? ತಿನ್ನಲು?”

ಕೆಸರು ವಾಸನೆ ಇತ್ತು, ಮುಳ್ಳು ಬಹಳ, ಅರ್ಧ ಚೆಲ್ಲಿದೆವು ಎಂದು ಹೇಳಬಹುದಿತ್ತು. ಬಾಯ ತುದಿಗೆ ಬಂದಿತ್ತು. ಅವನ ಎರಡೂ ಕಣ್ಣು ನನ್ನ ಮೇಲಿದ್ದವು. ಸುಳ್ಳು ಹೇಳಲಾಗಲಿಲ್ಲ, ಚಂದ್ರವ್ವಾ.

“ಬಹಳ ಚೆನ್ನಾಗಿದ್ದಳು ಲೆನ್. ನನ್ನ ಜನ್ಮದಲ್ಲಿ ತಿಂದದ್ದರಲ್ಲಿ ಅದೇ ಒಳ್ಳೆಯದು” ಅಂದೆ.

ತಲೆ ಆಡಿಸಿದ. ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. ಗಾಡಿಯೊಳಗೆ ಕೂತ. ಹೊರಟುಬಿಡುತ್ತಾನೆ ಅಂದುಕೊಂಡೆ. ಒಳಗಿನಿಂದ ಕೈ ಚಾಚಿ ತನ್ನ ಪಕ್ಕದ ಸೀಟಿನ ಬಾಗಿಲು ತೆರೆದ. ಅಲ್ಲಿ ಕೂರಲು ನನಗೆ ಮುಖ ಎಲ್ಲಿತ್ತು? ಆ ಬಾಗಿಲು ಮುಚ್ಚಿ, ಹಿಂದಿನ ಸೀಟಿನಲ್ಲಿ ಕೂತೆ. ಅವನು ಗಾಡಿ ಶುರು ಮಾಡಿದ. ಮನೆ ಮುಟ್ಟುವವರೆಗೆ ಅವನ ಬೆನ್ನು ನೋಡುತ್ತ ಬಂದೆ.

ನಿನ್ನ ಅಣ್ಣ,
ಜಗದೇವಪ್ಪ